ಅಮ್ಮ ತಣ್ಣಗಾದ ಮಧ್ಯಾಹ್ನ

"ಅಮ್ಮ ತಣ್ಣಗಾದ್ಲು, ಹುಡುಗ ಮನೆ ಸೇರಿದ" ಎಂದು ನಮ್ಮವರು ನನ್ನ ಸಿಡುಬಿನ ಕಥೆಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಬೇವಿನ ಸೊಪ್ಪು ಬೆಂದ ನೀರಿನ ವಾಸನೆ ಬಂದರೆ ಇವತ್ತಿಗೂ ನಾನು ಪರಶುರಾಂಪುರದ ನಮ್ಮ ಕುರಿರೊಪ್ಪದ ಪಕ್ಕದ ಗುಡಿಸಲಲ್ಲೇ ಇರುತ್ತೇನೆ.

ಸಿಡುಬೆಂದರೆ ಮೈಮೇಲೆ ದೇವಿ ಬಂದಂತೆ; ಆ ದೇವಿಯನ್ನೇ ನಮ್ಮವರು ಅಮ್ಮ ಅನ್ನುವುದು. ಅವಳಿರುವಷ್ಟು ದಿನ ನನ್ನನ್ನು ಮನೆಯಿಂದ ದೂರ ಆ ಗುಡಿಸಲಲ್ಲಿ ಇಟ್ಟಿದ್ದರು, ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಹೆತ್ತ ಅವ್ವನೂ ಅಂಬಲಿಯನ್ನು ದೂರದಲ್ಲಿಟ್ಟು, "ತಗಳವ್ವ ತಾಯಿ" ಎಂದು ನನಗೇ ಕೈಮುಗಿದು ಹೋಗುತ್ತಿದ್ದಳು.

ಹಕ್ಕಳೆಗಳೆಲ್ಲ ಉದುರಿದ ಮಧ್ಯಾಹ್ನ ಅಜ್ಜಿ ನನಗೆ ಬೇವಿನ ನೀರು ಹೊಯ್ದಳು.

"ವಾಸಿ ಆಯ್ತಾ ಅಜ್ಜಿ?" ಅಂದೆ.

"ಹಂಗನ್ನಬಾರ್ದು ಕಣೋ. ಅಮ್ಮ ತಣ್ಣಗಾದ್ಲು ಅನ್ನು."

"ಮೈ ನಂದು. ತಣ್ಣಗಾಗೋದು ಅವಳಾ?"

"ಬಾಯಂತೂ ಎಲ್ಲಾದಕ್ಕಿಂತ ಮೊದ್ಲೇ ವಾಸಿ ಆಗೈತೆ" ಎಂದು ಅಜ್ಜಿ ನಕ್ಕಳು.

ಎಷ್ಟೋ ದಿನದ ಮೇಲೆ ಕೇಳಿದ ಆ "ಕಣೋ"ದಿಂದ ಧೈರ್ಯ ಬಂದು ಮನೆಗೆ ಓಡಿದೆ. ಅವ್ವ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಕುಳಿಬಿದ್ದ ನನ್ನ ಮುಖ ನೋಡಿದಳು, ಕೂಸಿನ ಮೇಲೆ ಸೆರಗೆಳೆದಳು, "ಬಾರವ್ವ ತಾಯಿ" ಅಂದಳು.

ದೇವಿ ಆಗಲೇ ಹೋಗಿದ್ದಳಲ್ಲ ಅವ್ವಾ, ಬಂದು ನಿಂತವನು ನಾನು ಅಂತ ನಿನಗೆ ಯಾವಾಗ ಗೊತ್ತಾಯಿತು?