ಹದಿನಾಲ್ಕು ಅರ್ಹತೆಗಳು

"ನಿಮ್ಮ ಜಾಗಕ್ಕೆ ಬರೋರಿಗೆ ಏನೇನು ಗೊತ್ತಿರಬೇಕು ಅಂತ ಒಂದು ಪಟ್ಟಿ ಮಾಡಿ ಕೊಡಿ" ಎಂದು ಕಂಪನಿಯ ಒಡತಿ ಹೇಳಿದಾಗ ಯೋಜನಾ ಮ್ಯಾನೇಜರ ಕೈಯಿಂದ ಪೆನ್ನು ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದ್ದಾಗಲೇ ಆಕೆ ಇನ್ನೊಂದು ಮಾತು ಕೇಳಿದರು. "ಮೆಟ್ಟಿಲು ಹತ್ತೋಕೆ ಮಂಡಿ ಸರಿಯಾಗಿದೆ ತಾನೆ?"

ಸರಿಯಾಗಿದೆ ಎನ್ನುತ್ತಾ ಅವರು ಮೇಲೆದ್ದರು. ಮಂಡಿ ಲಟಕ್ಕೆಂದಿತು. ಇಬ್ಬರೂ ಕೇಳಿಸದವರಂತೆ ಇದ್ದರು. ವಿಷಯ ಯಾರಿಗೂ ಗೊತ್ತಾಗುವುದು ಬೇಡ ಎಂದು ಒಡತಿ ನಗುನಗುತ್ತಲೇ ಹೇಳಿ ಕಳಿಸಿದರು. ಹಲ್ಲು ಕೀಳುವ ವೈದ್ಯರೂ ಮೊದಲು ಹೀಗೇ ನಗುತ್ತಾರೆ ಎಂದುಕೊಂಡರು ಮ್ಯಾನೇಜರು.

ಮುಂದಿನ ವರ್ಷ ಎಷ್ಟು ಮಳೆ, ಎಷ್ಟು ಛತ್ರಿ, ಯಾವ ಬಣ್ಣದ ಬಟ್ಟೆ ಎಷ್ಟು ಎಂದು ಆ ಛತ್ರಿ ಕಂಪನಿಗೆ ಇಪ್ಪತ್ತೆರಡು ವರ್ಷ ಲೆಕ್ಕ ಹಾಕಿ ಕೊಟ್ಟವರು ಅವರು. ತನ್ನ ಕುರ್ಚಿಗೇ ಕುತ್ತು ಬರುವುದು ಮಾತ್ರ ಯಾವ ಲೆಕ್ಕದಲ್ಲೂ ಸಿಕ್ಕಿರಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ಪಟ್ಟಿ ಯಾಕೆ ಕೇಳುತ್ತಿದ್ದಾರೆ ಎಂದು ಒಡತಿಯನ್ನೇ ಕೇಳಬಾರದೇ, ಬಾಯಿ ಇಲ್ಲವೇ ಎಂದಳು ಹೆಂಡತಿ. ಇವರು ಮರುಕದಿಂದ ನಕ್ಕರು. ಕೇಳಿ ತಿಳಿಯುವವರು ಬೇರೆ, ಯೋಜನೆ ಮಾಡುವವರು ಬೇರೆ. ಕೆಟ್ಟದ್ದು ಬಂದೇ ಬರುತ್ತದೆ ಎಂದುಕೊಂಡು ಸಿದ್ಧವಾಗಿರುವುದು ಅವರ ವೃತ್ತಿಧರ್ಮ.

ಮೊದಲು ಐದು ಅಂಶಗಳನ್ನು ಪ್ರಾಮಾಣಿಕವಾಗಿಯೇ ಬರೆದರು: ಅಂಕಿಅಂಶ ಓದುವ ಕಣ್ಣು, ಎಲ್ಲ ವಿಭಾಗದವರ ಮಾತು ಕೇಳುವ ತಾಳ್ಮೆ, ಮುಂದಾಲೋಚನೆ, ಸಮಯಪಾಲನೆ, ತಪ್ಪಾದರೆ ಒಪ್ಪಿಕೊಳ್ಳುವ ಧೈರ್ಯ. ಓದಿ ನೋಡಿದರೆ ಎದೆ ಧಸಕ್ಕೆಂದಿತು. ಊರಿನ ಅರ್ಧ ಜನ ಇದಕ್ಕೆ ಅರ್ಹರು, ತಾನು ಅರ್ಹನೇ ಎಂಬುದೇ ಅನುಮಾನ.

ಹರಿದು ಹಾಕಿ ಹೊಸದಾಗಿ ಹದಿನಾಲ್ಕು ಬರೆದರು. ಒಂದೇ ಕಡೆ ಇಪ್ಪತ್ತೆರಡು ವರ್ಷ ಛತ್ರಿಯ ಅನುಭವ. ಒಡತಿಯ ಕೈಬರಹ ಓದುವ ಸಾಮರ್ಥ್ಯ; ತಾನು ಬರೆದದ್ದು ತನಗೇ ತಿಳಿಯದಿದ್ದಾಗ ಆಕೆ ಕರೆಸುತ್ತಿದ್ದದ್ದು ಇವರನ್ನೇ. ಗೋದಾಮಿನ ಹಳೆಯ ಬೀಗವನ್ನು ಒಂದೇ ಏಟಿಗೆ ತೆರೆಯುವ ಕೈಚಳಕ. ಹವಾಮಾನ ವರದಿಗಿಂತ ಒಂದು ದಿನ ಮೊದಲೇ ಮಳೆಯನ್ನು ಮೈಯಿಂದಲೇ ತಿಳಿಯುವ ಶಕ್ತಿ. ಇದನ್ನು ಬರೆಯುವಾಗ ಮಂಡಿಯನ್ನು ಪ್ರೀತಿಯಿಂದ ನೇವರಿಸಿಕೊಂಡರು.

ಕ್ಯಾಂಟೀನಿನಲ್ಲಿ ಮಾರಾಟ ವಿಭಾಗದ ಮ್ಯಾನೇಜರು ಪಕ್ಕಕ್ಕೆ ಬಂದು ಕುಳಿತು, ತನ್ನಿಂದಲೂ ಇಂಥದೇ ಪಟ್ಟಿ ಕೇಳಿದ್ದಾರೆ ಎಂದು ಪಿಸುಗುಟ್ಟಿದರು. ಗುಟ್ಟು ಅವರ ಬಾಯಲ್ಲಿ ಚಹಾ ಆರುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. ಎರಡೇ ಸಾಲು ಬರೆದುಕೊಟ್ಟಿದ್ದರಂತೆ: ನಗುಮುಖ ಇರಬೇಕು, ನಾಲಿಗೆ ಚುರುಕಾಗಿರಬೇಕು.

"ಹಾಗಾದ್ರೆ ನಿಮ್ಮ ಜಾಗಕ್ಕೆ ಯಾರು ಬೇಕಾದ್ರೂ ಬಂದುಬಿಡ್ತಾರಲ್ಲ?"

"ಬರಲಿ ಬಿಡಿ" ಎಂದು ಅವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಪಾಪದ ಪ್ರಾಣಿ, ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿದೆ ಎಂದು ಇವರಿಗೆ ಮರುಕ ಹುಟ್ಟಿತು.

ಇವರು ಕೊಟ್ಟ ಪಟ್ಟಿ ಹಿಡಿದು ಮೂರು ವಾರ ಸಂದರ್ಶನ ನಡೆಯಿತು. ಮಹಡಿಯ ಮೇಲೆ ಬಡಗಿಯೊಬ್ಬ ದೊಡ್ಡ ಮೇಜು ಜೋಡಿಸುತ್ತಿದ್ದ. ಬರುವವನಿಗೆ ಈಗಲೇ ಎಷ್ಟು ಉಪಚಾರ ಎಂದು ಇವರು ಹಲ್ಲು ಕಡಿದರು. ಆದರೆ ಬಂದವರೆಲ್ಲ ಜೋಲುಮುಖ ಹಾಕಿಕೊಂಡು ಹೊರಟರು. ಒಬ್ಬನಂತೂ ಒಡತಿಯ ಕೈಬರಹವನ್ನು ಛತ್ರಿಯ ನಕ್ಷೆ ಎಂದು ತಿಳಿದು ವಿವರಿಸತೊಡಗಿದನಂತೆ. ಕಿಟಕಿಯ ಬಳಿ ನಿಂತು ಇವರು ಮೂವತ್ತೊಂಬತ್ತು ಜನರನ್ನು ಒಬ್ಬೊಬ್ಬರಾಗಿ ಬೀಳ್ಕೊಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಯಾವ ಯೋಜನೆಯೂ ಇಷ್ಟು ಕರಾರುವಾಕ್ಕಾಗಿ ನಡೆದಿರಲಿಲ್ಲ.

ಕೊನೆಗೆ ಒಡತಿಯಿಂದ ಕರೆ ಬಂತು. ನಿಮ್ಮ ಪಟ್ಟಿಗೆ ಸರಿಹೊಂದುವವರು ಭೂಮಿಯ ಮೇಲೆ ನೀವೊಬ್ಬರೇ ಎಂದು ಆಕೆ ಸೋತವರಂತೆ ಕುರ್ಚಿಗೆ ಒರಗಿದರು.

"ಹಾಗಾದ್ರೆ ನಾನು ಇದೇ ಜಾಗದಲ್ಲಿ ಇರಬಹುದಾ ಮೇಡಂ?"

"ಇರಲೇಬೇಕು. ಬೇರೆ ದಾರಿ ಇಲ್ಲ."

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಕೈಮುಗಿದು ಎದ್ದು ನಿಂತರು.

"ನಿಮ್ಮನ್ನೇ ನಿರ್ದೇಶಕರನ್ನಾಗಿ ಮಾಡ್ಬೇಕು ಅಂತಿದ್ದೆ, ಈ ಜಾಗ ತುಂಬೋರು ಸಿಕ್ಕಿದ್ರೆ" ಎಂದರು ಒಡತಿ. "ಮಾರಾಟದವರ ಜಾಗಕ್ಕೆ ಒಂದೇ ದಿನದಲ್ಲಿ ಜನ ಸಿಕ್ಕಿಬಿಟ್ರು, ನಾಳೆಯಿಂದ ಅವರೇ ನಿಮ್ಮ ನಿರ್ದೇಶಕರು."