ಐದನೇ ಟೇಬಲ್ ಕೂಗಿದ್ದು

ನಮ್ಮ ಹೋಟೆಲಿನ ಟೇಬಲ್‌ಗಳಿಗೆ ಬಾಯಿ ಬಂದು ಎರಡು ವರ್ಷವಾಯಿತು. ಗಿರಾಕಿ ಹೇಳಿದ್ದನ್ನು ಅವೇ ಅಡುಗೆಮನೆಗೆ ಕೂಗುತ್ತವೆ. ಪಿಸುಗುಟ್ಟಿದರೂ ಬಿಡುವುದಿಲ್ಲ. ಬಡಿಸುವುದಷ್ಟೇ ನನ್ನ ಕೆಲಸ.

ಇವತ್ತು ಐದನೇ ಟೇಬಲ್ಲಿಗೆ ಬೇರೆ ಊರಿನವನೊಬ್ಬ ಬಂದ, ಗರಿಗರಿ ಇಸ್ತ್ರಿ ಅಂಗಿ. ನಾನು ನೀರಿಡುವಾಗ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಅಂದ.

ಟೇಬಲ್ ರಾಗವಾಗಿ ಕೂಗಿತು: "ಐದಕ್ಕೆ ಎರಡು ಇಡ್ಲಿ, ಒಂದು ವಡೆ, ನಿನ್ನ ಸೊಂಟ ಭಾರಿ ಚೆನ್ನಾಗಿದೆ, ಸಂಜೆ ಸಿಗ್ತೀಯಾ!"

ಮೊದಲಾಗಿದ್ದರೆ ಇಂಥದ್ದನ್ನು ನುಂಗಿಕೊಂಡೇ ಚಟ್ನಿ ಬಡಿಸುತ್ತಿದ್ದೆ. ಈಗ ಇಡೀ ಹೋಟೆಲ್ ತಿನ್ನುವುದನ್ನು ನಿಲ್ಲಿಸಿತು. ಅಡುಗೆಯ ಚೆಲುವಮ್ಮ ಸೌಟು ಹಿಡಿದೇ ಹೊರಬಂದಳು.

"ಇಡ್ಲಿ ವಡೆ ರೆಡಿ ಐತೆ. ಮಿಕ್ಕಿದ್ದು ಯಾರಿಗೆ ಬೇಕಿತ್ತು?"

ಅವನು ಸುತ್ತ ನೋಡಿ ಬೆವರಿದ. ಬಾಯೊಳಗೇ ಏನೋ ಗೊಣಗಿದ.

"ಐದಕ್ಕೆ ಅಯ್ಯಯ್ಯೋ, ನಮ್ಮ ಮಾವ ಆ ಮೂಲೇಲಿ ಕೂತಿದ್ದಾರೆ!"

ಮೂಲೆಯಲ್ಲಿದ್ದ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟರು.

ಕೊನೆಗೆ ಅವನು ತಲೆ ತಗ್ಗಿಸಿ, "ತಪ್ಪಾಯ್ತು," ಎಂದು ಪಿಸುಗುಟ್ಟಿದ. ಟೇಬಲ್ ತುಟಿ ಬಿಚ್ಚಲಿಲ್ಲ. ಕೆಟ್ಟುಹೋಯಿತೇನೋ ಎಂದು ಎರಡು ಸಲ ತಟ್ಟಿಯೂ ನೋಡಿದ.

"ಅದೊಂದನ್ನ ಅದು ಕೂಗಲ್ಲ ಸಾರ್," ಅಂದೆ. "ಎದ್ದು ನಿಂತು ನೀವೇ ಕೂಗಬೇಕು. ಒಲೆ ಮುಂದೆ ಇರೋರಿಗೂ ಕೇಳಿಸಬೇಕು."