ಕಾದಿರಿಸಿದ ಜಾಗ

ತೀರಿಕೊಂಡ ಹೆಂಡತಿ ಸೆರಾಫಿನ್ ಬಾಯಿಯ ತಿಂಗಳ ಪೂಜೆ ಮುಗಿಸಿ, ಸಮಾಧಿಗೆ ಹೂವಿಡಲು ಹೋದ ಮುದುಕ ಅಲ್ಲೇ ನಿಂತುಬಿಟ್ಟ. ಪಕ್ಕದಲ್ಲಿ ತನಗೆಂದು ಕಾದಿರಿಸಿದ್ದ ಜಾಗದ ನಟ್ಟನಡುವೆ ಹಲಸಿನ ಮರ ಬೆಳೆದಿತ್ತು. ಮಣ್ಣು ಮಾಡಿದ ದಿನ ಕಣ್ಣೀರಿನಲ್ಲಿ ಅದು ಗಮನಕ್ಕೆ ಬಂದಿರಲಿಲ್ಲ.

“ಇದನ್ನು ಕಡಿಸಿ, ಫಾದರ್,” ಎಂದ ಜೊತೆಗೆ ಬಂದಿದ್ದ ಪಾದ್ರಿಗೆ.

“ಹೇಗೆ ಕಡಿಸುವುದು ಮಾರಾಯ್ರೆ? ಪ್ರತಿ ಮನೆಯವರೂ ಇಗರ್ಜಿ ಜಾಗದಲ್ಲಿ ಒಂದು ಗಿಡ ನೆಡಬೇಕು, ನೆಟ್ಟದ್ದನ್ನು ಯಾವ ಕಾರಣಕ್ಕೂ ಕಡಿಯಬಾರದು ಅಂತ ಹತ್ತು ವರ್ಷದ ಹಿಂದೆ ನಿಯಮ ಮಾಡಿಸಿದ್ದು ನೀವೇ ಅಲ್ವಾ? ನಿಮಗೆ ಆ ಮೂಲೆಯಲ್ಲಿ ಒಳ್ಳೇ ಜಾಗ ಉಂಟು.”

“ಮೂಲೆ ನನಗೆ ಎಂತಕ್ಕೆ? ಐವತ್ತು ವರ್ಷ ಅವಳನ್ನು ತವರಿಗೆ ಸಹ ಒಬ್ಬಳೇ ಕಳಿಸಿದವನಲ್ಲ ನಾನು. ಈಗ ಇಲ್ಲಿ ಒಬ್ಬಳೇ ಮಲಗುವುದಾ?”

ಮುದುಕ ಗುಂಡಿ ತೋಡುವ ಲಾದ್ರುವಿನ ಕಡೆ ತಿರುಗಿದ.

“ನನ್ನ ಜಾಗದಲ್ಲಿ ಇದನ್ನು ನೆಟ್ಟ ಮಂಗ ಯಾರು?”

ಲಾದ್ರು ಹಾರೆ ಕೆಳಗಿಟ್ಟು ತಲೆ ಕೆರೆದುಕೊಂಡ.

“ಸೆರಾಫಿನ್ ಬಾಯಿಯೇ, ಧಣಿ. ನಿಮ್ಮ ನಿಯಮ ಪಾಸಾದ ಮರುದಿನವೇ ಗಿಡ ಹಿಡ್ಕೊಂಡು ಬಂದು, ನಿಮ್ಮ ಜಾಗ ಯಾವುದು ಅಂತ ಎರಡೆರಡು ಸಲ ಕೇಳಿ ನೆಟ್ರು.”